ಸೋಮವಾರದ ಎದೆಬಡಿತ

ಇಲಿಯ ಬಿ.ಪಿ. ನೋಡುವುದು ನನ್ನ ಕೆಲಸ ಎಂದರೆ ಮೊಳಕಾಲ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ಮೊದಲ ಸಲ ಹೇಳಿದಾಗ ನಮ್ಮ ಚಿಕ್ಕಮ್ಮ ಮಗ್ಗ ನಿಲ್ಲಿಸಿ, ಲಾಳಿಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಮ್ ಬೀಪಿನೇ ಯಾರೂ ಕೇಳಂಗಿಲ್ಲ, ಇಲಿ ಬೀಪಿ ಕೇಳೋಕೆ ನೀ ಓದಿದ್ಯಾ ತಲ್ಲಿ?" ಎಂದಳು. ತಲ್ಲಿ ಎಂದರೆ ನಮ್ಮ ಮನೆಯ ತೆಲುಗಿನಲ್ಲಿ ತಾಯಿ. ಅವಳು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ನೇಕಾರರ ಮನೆಯಲ್ಲಿ ಇಲಿ ಎಂದರೆ ಹಗೆ. ಮಗ್ಗದ ಗುಂಡಿಯೊಳಗೆ ಒಂದೇ ಒಂದು ಇಲಿ ಸೇರಿಕೊಂಡರೆ ಸಾಕು, ಇಬ್ಬರು ಹೆಂಗಸರು ವಾರಗಟ್ಟಲೆ ಕೂತು ನೇಯ್ದ ರೇಷ್ಮೆಯನ್ನು ಒಂದು ಮಧ್ಯಾಹ್ನದಲ್ಲಿ ಕತ್ತರಿಸಿ ಹಾಕುತ್ತದೆ. ಅಂಥ ಮನೆಯಲ್ಲಿ ಹುಟ್ಟಿದವಳು ದಿನಾ ಬೆಳಿಗ್ಗೆ ಇಲಿಗಳನ್ನು ಅಂಗೈಯಲ್ಲಿ ಕೂರಿಸಿಕೊಂಡು ಸಮಾಧಾನ ಮಾಡುತ್ತೇನೆ ಎಂದರೆ ನಗದೆ ಏನು ಮಾಡುತ್ತಾರೆ?

ನಾನು ಕೆಲಸ ಮಾಡುವ ಜಾಗ ಚಳ್ಳಕೆರೆಯಿಂದ ಆಚೆ, ಬಯಲಿನ ನಡುವೆ ಬೇಲಿ ಹಾಕಿದ ಒಂದು ದೊಡ್ಡ ಆವರಣ. ಅದರೊಳಗೆ ಕಿಟಕಿಯೇ ಇಲ್ಲದ ಒಂದು ಕಟ್ಟಡ. ಕಟ್ಟಡದೊಳಗೆ ಹೆಬ್ಬೆರಳಿನಷ್ಟಿರುವ ಕಪ್ಪು ಸುಂಡಿಲಿಗಳು, ಪೆಟ್ಟಿಗೆಗೆ ನಾಲ್ಕರಂತೆ. ನಮ್ಮ ಮೇಡಂ ಮೈಸೂರು ಕಡೆಯವರು. ಅವರಿಗೆ ತಿಳಿಯಬೇಕಾಗಿದ್ದು ಇಷ್ಟೇ. ಒಂದು ಗುಂಪಿನ ಇಲಿಗಳಿಗೆ ಹುಟ್ಟಿನಿಂದಲೇ ಒಂದು ಜೀನ್ ಇಲ್ಲ, ಇನ್ನೊಂದು ಗುಂಪಿಗೆ ಇದೆ. ವಯಸ್ಸಾಗುತ್ತಾ ಹೋದಂತೆ ಇವೆರಡರ ಹೃದಯ, ರಕ್ತನಾಳಗಳು ಹೇಗೆ ಬೇರೆಯಾಗುತ್ತವೆ? ಯಾವ ಪೆಟ್ಟಿಗೆಯಲ್ಲಿ ಯಾವ ಗುಂಪು ಎಂದು ನನಗೆ ಹೇಳುವುದಿಲ್ಲ. ಗೊತ್ತಿದ್ದರೆ ಅಳೆಯುವ ಕೈ ಒಂದು ಕಡೆ ವಾಲುತ್ತದಂತೆ. ಹಾಗಾಗಿ ನನ್ನ ಪಾಲಿಗೆ ಎಲ್ಲವೂ ಬರೀ ಕಿವಿಯ ಗುರುತಿನ ಇಲಿಗಳು.

ಕೆಲಸದ ರೀತಿ ಹೀಗೆ. ಬೆಚ್ಚಗಿನ ಹಲಗೆಯ ಮೇಲೆ ಒಂದು ಪಾರದರ್ಶಕ ಕೊಳವೆ. ಇಲಿ ಅದರೊಳಗೆ ತಾನಾಗಿ ಹೋಗಿ ಕೂರಬೇಕು. ಬಾಲದ ಬುಡಕ್ಕೆ ಉಂಗುರದಂಥ ಸಣ್ಣ ಪಟ್ಟಿ. ಮನುಷ್ಯರ ತೋಳಿಗೆ ಕಟ್ಟುವ ಪಟ್ಟಿಯ ಹಾಗೆಯೇ ಅದು ಉಬ್ಬುತ್ತದೆ, ಇಳಿಯುತ್ತದೆ. ಪರದೆಯ ಮೇಲೆ ಒತ್ತಡವೂ ಎದೆಬಡಿತವೂ ಮೂಡುತ್ತವೆ. ಸುಂಡಿಲಿಯ ಎದೆ ನಿಮಿಷಕ್ಕೆ ಐನೂರು ಆರುನೂರು ಸಲ ಬಡಿಯುತ್ತದೆ. ಹೆದರಿದರೆ ಇನ್ನೂ ಜಾಸ್ತಿ. ಹೆದರಿದ ಇಲಿಯ ಲೆಕ್ಕ ಯಾವ ಕೆಲಸಕ್ಕೂ ಬರುವುದಿಲ್ಲ. ಅದಕ್ಕೇ ಅಳೆಯುವುದಕ್ಕೆ ಮೊದಲು ಎರಡು ವಾರ ಬರೀ ಪಳಗಿಸುವುದು. ಅದೇ ಕೈ, ಅದೇ ಹೊತ್ತು, ಅದೇ ಕೊಳವೆ. ಆ ಕೋಣೆಯಲ್ಲಿ ಮಾತಾಡುವಂತಿಲ್ಲ. ಮೊಬೈಲ್ ಹೊರಗೆ. ಪೌಡರ್ ಇಲ್ಲ, ಸೆಂಟ್ ಇಲ್ಲ, ತಲೆಗೆ ಹೂವಿಲ್ಲ. ಮಗ್ಗದ ಸದ್ದಿನಲ್ಲಿ ಕೂಗಿ ಮಾತಾಡಿಯೇ ಬೆಳೆದ ನನಗೆ ಮೊದಲ ತಿಂಗಳು ಕಿವಿಯೊಳಗೆ ಏನೋ ಕಳೆದುಹೋದಂತಿತ್ತು.

ಆದರೂ ಈ ಕೆಲಸ ನನಗೆ ಒಗ್ಗಿತು. ಒಗ್ಗಿತು ಎನ್ನುವುದು ಕಡಿಮೆಯಾಯಿತು. ನಾನು ಇದರಲ್ಲಿ ಗಟ್ಟಿಗಿತ್ತಿ. ನೂರಾರು ಎಳೆಗಳಲ್ಲಿ ಹರಿದ ಒಂದನ್ನು ಬೆರಳ ತುದಿಯಿಂದಲೇ ಹುಡುಕುವ ಅಮ್ಮನ ಮಗಳು ನಾನು. ಇಲಿಯನ್ನು ಎಷ್ಟು ಹಗುರವಾಗಿ ಹಿಡಿಯಬೇಕು ಎಂದು ನನಗೆ ಯಾರೂ ಕಲಿಸಬೇಕಾಗಲಿಲ್ಲ. ಮೂರನೇ ವಾರಕ್ಕೆ ಪೆಟ್ಟಿಗೆಯ ಮುಚ್ಚಳ ತೆಗೆದರೆ ಅವು ಮೂಲೆಗೆ ಓಡುವುದನ್ನು ಬಿಟ್ಟು ನನ್ನ ಕೈಗವಸು ಮೂಸಲು ಬರುತ್ತಿದ್ದವು. ಚಳ್ಳಕೆರೆಯಲ್ಲಿ ನಾನಿದ್ದದ್ದು ಎಣ್ಣೆ ಗಿರಣಿಯ ಹಿಂದಿನ ಬೀದಿಯ ಒಂದು ಬಾಡಿಗೆ ಕೋಣೆಯಲ್ಲಿ. ಹಿಂಡಿಯ ವಾಸನೆ ಬಿಟ್ಟರೆ ಬೇರೆ ಯಾರೂ ಒಳಗೆ ಬರುತ್ತಿರಲಿಲ್ಲ. ಮೂವತ್ತಾರು ದಾಟಿದ, ಮದುವೆಯಾಗದ ಹೆಂಗಸನ್ನು ಊರು ಮೊದಲು ವಿಚಾರಿಸುತ್ತದೆ, ಆಮೇಲೆ ಸುಮ್ಮನಾಗುತ್ತದೆ. ನನ್ನನ್ನು ಕಂಡು ವಾರದ ದಿನಗಳಲ್ಲಿ ಹತ್ತಿರ ಬರುವ ಜೀವಗಳೆಂದರೆ ಆ ಇಲಿಗಳು ಮಾತ್ರ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ತಳಕು, ಬಿ.ಜಿ. ಕೆರೆ ದಾಟಿ ಊರು. ಅಪ್ಪ ಹೋಗಿ ತುಂಬಾ ವರ್ಷವಾಯಿತು. ಅಮ್ಮ, ಚಿಕ್ಕಮ್ಮ ಒಂದೇ ಪಡಸಾಲೆಯಲ್ಲಿ ಎರಡು ಮಗ್ಗ ಹಾಕಿಕೊಂಡು ದಿನವಿಡೀ ಜಗಳವಾಡುತ್ತಾ ನೇಯುತ್ತಾರೆ. ತೆಲುಗಿನಲ್ಲಿ ಶುರುವಾದ ಜಗಳ ಕನ್ನಡದಲ್ಲಿ ಮುಗಿಯುತ್ತದೆ. ಭಾನುವಾರವೆಲ್ಲ ಆ ಗದ್ದಲದಲ್ಲಿ ಕೂತಿದ್ದು, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತಿದ್ದೆ. ಹೊರಡುವ ಮುಂಚೆ ಅಮ್ಮ ಹೊಸ್ತಿಲಲ್ಲಿ ಕೂತು, ನನ್ನನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು.

ಈ ವಯಸ್ಸಿನಲ್ಲಿ ತಾಯಿಯ ಕೈಲಿ ತಲೆ ಬಾಚಿಸಿಕೊಳ್ಳುವುದೇ ಎಂದು ನೀವು ನಗಬಹುದು. ಚಿಕ್ಕಮ್ಮ ನಗುತ್ತಿದ್ದಳು. ನಾನು ಬೇಡ ಎನ್ನುತ್ತಿದ್ದೆ, ಆದರೆ ಬಾಚಣಿಗೆ ಸಿಗುವ ಜಾಗದಲ್ಲೇ ಹೋಗಿ ಕೂರುತ್ತಿದ್ದೆ. ಕೆಲಸಕ್ಕೆ ಹೂ ಮುಡಿಯುವಂತಿಲ್ಲ ಎಂದು ಹೇಳಿದ ದಿನ ಅಮ್ಮನಿಗೆ ಬೇಸರವಾಗಿತ್ತು. "ಬೋಳು ಜಡೆ ಬಿಟ್ಕೊಂಡು ಹೋಗ್ತೀಯಾ? ಪೂಲು ಬ್ಯಾಡ ಅಂದ್ರೆ ಪಟ್ಟು ಆದ್ರೂ ಇರ್ಲಿ" ಎಂದು, ಮಗ್ಗದ ಪಕ್ಕದ ಬುಟ್ಟಿಗೆ ಕೈ ಹಾಕಿ, ಅಲ್ಲಿ ಬಿದ್ದಿದ್ದ ರೇಷ್ಮೆಯ ಎಳೆ ತುಂಡುಗಳನ್ನು ಹೊಸೆದು ಜಡೆಗೆ ಕಟ್ಟಿದ್ದಳು. ಒಂದು ವಾರ ಅರಿಸಿನ ಬಣ್ಣ, ಒಂದು ವಾರ ಹಸಿರು, ಮಗ್ಗದ ಮೇಲೆ ಯಾವ ಸೀರೆ ಇದೆಯೋ ಆ ಬಣ್ಣ. ಇಡೀ ವಾರದಲ್ಲಿ ನನ್ನ ತಲೆ ಮೇಲೆ ಇನ್ನೊಬ್ಬರ ಕೈ ಬೀಳುತ್ತಿದ್ದದ್ದು ಆ ಹತ್ತು ನಿಮಿಷ ಮಾತ್ರ. ಬಸ್ಸಿಂದ ಇಳಿದವಳು ನೇರ ಆವರಣದ ವ್ಯಾನು ಹತ್ತುತ್ತಿದ್ದೆ. ಅಲ್ಲಿ ಬಟ್ಟೆ ಬದಲಿಸಿ, ನಿಲುವಂಗಿ ತೊಟ್ಟು, ಜಡೆಯನ್ನು ಸುತ್ತಿ ಬಟ್ಟೆಯ ಟೋಪಿಯೊಳಗೆ ತುರುಕಿ ಇಲಿಗಳ ಕೋಣೆಗೆ ಹೋಗುತ್ತಿದ್ದೆ. ತಲೆಗೆ ನೀರು ಹಾಕಿಕೊಳ್ಳುತ್ತಿದ್ದದ್ದು ಬುಧವಾರ.

ಅಳತೆಯ ದಿನಗಳು ಸೋಮವಾರ ಮತ್ತು ಗುರುವಾರ. ಐದನೇ ವಾರ ಮೇಡಂ ನನ್ನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು. ಗುರುವಾರದ ಅಂಕಿಗಳು ಸಮವಾಗಿದ್ದವು. ಸೋಮವಾರದವು ಅಷ್ಟೂ ಮೇಲೆ. ಒಂದೆರಡು ಇಲಿಯಲ್ಲ, ಎಲ್ಲವೂ. ಒತ್ತಡವೂ ಜಾಸ್ತಿ, ಬಡಿತವೂ ಜಾಸ್ತಿ.

"ಭಾನುವಾರ ಯಾರಾದರೂ ಕೋಣೆಯಲ್ಲಿ ಗಲಾಟೆ ಮಾಡ್ತಾರಾ?" ಎಂದು ಕೇಳಿದರು.

ಇಲ್ಲ ಎಂದೆ. ಯಂತ್ರ ನೋಡಿದೆವು. ಹಲಗೆಯ ಬಿಸಿ ನೋಡಿದೆವು. ಹಾಸಿಗೆಯ ಹೊಟ್ಟು ಬದಲಿಸುವ ದಿನ ಬದಲಾಯಿಸಿದೆವು. ಮುಂದಿನ ಸೋಮವಾರವೂ ಹಾಗೆಯೇ. ಅದರ ಮುಂದಿನ ಸೋಮವಾರ ಮೇಡಂ ತಾವೇ ನಿಲುವಂಗಿ ತೊಟ್ಟು ಒಳಗೆ ಹೋದರು. ನನ್ನನ್ನು ಹೊರಗೆ ಕೂರಿಸಿದರು. ಕೋಣೆಯ ಬಾಗಿಲ ಗಾಜಿನಾಚೆ ನಾನು ಬೆರಳು ಹಿಸುಕಿಕೊಳ್ಳುತ್ತಾ ಕೂತಿದ್ದೆ. ಮನಸ್ಸಿನಲ್ಲಿ ಒಂದೇ ಬೇಡಿಕೆ, ಅವರಿಗೂ ಜಾಸ್ತಿಯೇ ಬರಲಿ ಎಂದು. ಬರಲಿಲ್ಲ. ಇಲಿಗಳು ಅಷ್ಟಾಗಿ ಪರಿಚಯವಿಲ್ಲದ ಅವರ ಕೈಯಲ್ಲಿ ತಣ್ಣಗೆ ಕೂತು ತಣ್ಣಗಿನ ಅಂಕಿ ಕೊಟ್ಟವು.

ಹೊರಗೆ ಬಂದು ಮೇಡಂ ಮುಖಗವಸು ತೆಗೆದರು. ಅವರು ಸಿಡುಕಿನವರಲ್ಲ. ಅದೇ ಕಷ್ಟ. ಬೈದಿದ್ದರೆ ನಾನೂ ತಿರುಗಿ ಒಂದು ಮಾತಾಡುತ್ತಿದ್ದೆ.

"ಸೋಮವಾರ ಅವು ನಿಮಗೆ ಹೆದರುತ್ತಿವೆ. ಯಾಕೆ ಅಂತ ನನಗೂ ಗೊತ್ತಾಗ್ತಿಲ್ಲ" ಎಂದರು. "ಇಷ್ಟು ವಾರದ ಸೋಮವಾರಗಳನ್ನು ತೆಗೆದುಹಾಕಬೇಕು. ತಿಂಗಳೊಳಗೆ ಸರಿಹೋಗದಿದ್ದರೆ ಈ ಗುಂಪನ್ನು ಬೇರೆಯವರಿಗೆ ಕೊಡ್ತೀನಿ. ನೀವು ಉಗ್ರಾಣ ನೋಡಿಕೊಳ್ಳಿ. ಇವಕ್ಕೆ ವಯಸ್ಸಾಗಿಬಿಟ್ಟಿದೆ, ಮತ್ತೆ ಮೊದಲಿಂದ ಶುರು ಮಾಡೋಕಾಗಲ್ಲ."

ಅವರು ಹೇಳಿದ್ದು ಸರಿ. ಕೊನೆಗೆ ಆ ಇಲಿಗಳ ಎದೆ ತೆರೆದು, ತೊಗರಿ ಕಾಳಿನಷ್ಟಿರುವ ಹೃದಯವನ್ನು ತೂಗುವವಳೂ ನಾನೇ ಆಗಬೇಕಿತ್ತು. ಅಳತೆ ಸುಳ್ಳಾದರೆ ಅವು ಸಾಯುವುದಕ್ಕೂ ಅರ್ಥವಿಲ್ಲ. ಆದರೆ ಅಂದು ನನಗೆ ಹತ್ತಿದ ಸಂಕಟ ಇಲಿಗಳದ್ದಲ್ಲ, ನನ್ನದೇ. ನನ್ನನ್ನು ಕಂಡರೆ ಒಂದು ಜೀವ ಹೆದರುತ್ತದೆ, ಅದನ್ನು ಯಂತ್ರವೊಂದು ಅಂಕಿಯಲ್ಲಿ ಬರೆದು ತೋರಿಸುತ್ತದೆ. ನಾನು ಎಂಥವಳು? ಬಾಡಿಗೆ ಕೋಣೆಗೆ ಬಂದು ಕನ್ನಡಿಯ ಮುಂದೆ ನಿಂತು ಮುಖ ನೋಡಿಕೊಂಡೆ. ಕೆಟ್ಟದ್ದೇನೂ ಕಾಣಲಿಲ್ಲ, ಒಳ್ಳೆಯದೂ ಕಾಣಲಿಲ್ಲ.

ಗುಟ್ಟು ಬಿಡಿಸಿದ್ದು ನಮ್ಮ ನಿಲುವಂಗಿ, ಟೋಪಿ ಒಗೆಯುವ ಹಿರಿಯ. ಗೌರಸಮುದ್ರದವರು, ಐವತ್ತು ದಾಟಿದವರು, ಮನೆಯಲ್ಲಿ ಕುರಿ ಹಿಂಡು ಇಟ್ಟವರು. ಹೆಂಗಸರನ್ನೆಲ್ಲ ತಾಯಿ ಎಂದೇ ಕರೆಯುತ್ತಾರೆ. ಒಂದು ದಿನ ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕೈಸನ್ನೆ ಮಾಡಿ ಕರೆದರು. ಕೈಯಲ್ಲಿ ಎರಡು ಟೋಪಿ.

"ಇದು ಸೋಮಾರದ್ದು, ಇದು ಬೇಸ್ತವಾರದ್ದು. ಎರಡೂ ನಿಂದೇಯ. ನೋಡು ತಾಯಿ."

ಗುರುವಾರದ ಟೋಪಿಯಲ್ಲಿ ನನ್ನ ನಾಲ್ಕು ಕೂದಲು. ಸೋಮವಾರದ ಟೋಪಿಯಲ್ಲಿ ಹಸಿರು ರೇಷ್ಮೆಯ ನವಿರು, ಅದರ ಜತೆ ಗಿಡ್ಡನೆಯ ಬಿಳಿ ಕೂದಲು ಏಳೆಂಟು.

"ಬೆಕ್ಕಿಂದು" ಎಂದರು. "ನಿಮ್ಮನೆಯಾಗೆ ಬೆಕ್ಕು ಐತಾ?"

ಐತೆ ಎಂದೆ. ಹೇಳುತ್ತಿದ್ದ ಹಾಗೆಯೇ ಬುಟ್ಟಿ ನೆನಪಾಯಿತು. ನಮ್ಮ ಮನೆಯ ಬಿಳಿ ಬೆಕ್ಕು ಹಗಲೆಲ್ಲ ಮಲಗುವುದೇ ಆ ಎಳೆ ತುಂಡುಗಳ ಬುಟ್ಟಿಯಲ್ಲಿ.

"ತೋಳ ಉಳ್ಳಾಡಿದ ಕಂಬ್ಳಿ ಹೊದ್ಕಂಡು ಹೋಗು, ಹಟ್ಟಿಯಾಗಿರೋ ಕುರಿ ಒಂದೂ ಮಲಗಾಕಿಲ್ಲ. ಕುರಿಗೆ ತೋಳ, ಇಲಿಗೆ ಬೆಕ್ಕು. ಇದ್ಕೆ ಮಿಷನ್ನು ಬೇಕಾ?" ಎಂದು ನಕ್ಕು, ಟೋಪಿಗಳನ್ನು ಬಕೆಟ್ಟಿಗೆ ಹಾಕಿದರು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಮೇಡಂಗೆ ಹೋಗಿ ಹೇಳಿದೆ. ಅವರು, ನಾನು ಕೆಲಸಕ್ಕೆ ಸೇರುವಾಗ ತುಂಬಿಕೊಟ್ಟಿದ್ದ ಹಾಳೆ ತೆಗೆಸಿದರು. ಮನೆಯಲ್ಲಿ ಸಾಕುಪ್ರಾಣಿ ಇದೆಯೇ ಎಂಬ ಪ್ರಶ್ನೆಗೆ ನನ್ನದೇ ಅಕ್ಷರದಲ್ಲಿ ಇಲ್ಲ ಎಂದಿತ್ತು.

"ಯಾಕೆ ಹೀಗೆ ಬರೆದಿರಿ?"

ಸುಳ್ಳು ಬರೆದದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಸಾಕುಪ್ರಾಣಿ ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಸೋಫಾ ಮೇಲೆ ಕೂರುವ ನಾಯಿ. ಮಗ್ಗದ ಮನೆಯ ಬೆಕ್ಕನ್ನು ನಾವು ಯಾರೂ ಮುದ್ದಿಗೆ ಸಾಕುವುದಿಲ್ಲ. ಲಾಳಿ ಇದ್ದ ಹಾಗೆ, ಮಗ್ಗದ ಹಗ್ಗ ಇದ್ದ ಹಾಗೆ ಅದೂ ಒಂದು. ಮಗ್ಗವಿದ್ದರೆ ಬೆಕ್ಕಿರುತ್ತದೆ. ಹಾಳೆಯಲ್ಲಿ ಲಾಳಿಯ ಬಗ್ಗೆ ಕೇಳಿರಲಿಲ್ಲ, ನಾನು ಬರೆದಿರಲಿಲ್ಲ. ಇಷ್ಟು ಹೇಳಿದ್ದಕ್ಕೆ ಮೇಡಂ ನಕ್ಕರು. ನಕ್ಕರೂ ಹೇಳಬೇಕಾದದ್ದನ್ನು ಹೇಳಿದರು. ಭಾನುವಾರ ಸಂಜೆಯೇ ಬಂದು ತಲೆಗೆ ಸ್ನಾನ ಮಾಡಿ ಬನ್ನಿ. ಇಲ್ಲವೇ ಆ ದಾರ ಬಿಡಿ, ಕೈ ತೊಳೆದುಕೊಂಡ ಮೇಲೆ ಬಾಚಲಿ ಎಂದು ತಾಯಿಗೆ ಹೇಳಿ. ಎರಡರಲ್ಲಿ ಒಂದು.

ಭಾನುವಾರ ಸಂಜೆಯೇ ಹೊರಟರೆ ಸೋಮವಾರದ ಆ ಹತ್ತು ನಿಮಿಷ ಇಲ್ಲ. ಎರಡನೆಯದನ್ನೇ ಹಿಡಿದುಕೊಂಡೆ. ಬರೀ ದಾರ ಬಿಡುವುದು, ಕೈ ತೊಳೆಯುವುದು, ಅಷ್ಟೇ ತಾನೆ? ಕೆಲಸವೂ ಉಳಿಯುತ್ತದೆ, ಅಮ್ಮನ ಕೈಯೂ ಉಳಿಯುತ್ತದೆ. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಜೋಡಿಸಿಕೊಂಡೆ. ಇಷ್ಟು ಸುಲಭದ ಮಾತಿಗೆ ಅಷ್ಟು ಜೋಡಣೆ ಯಾಕೆ ಬೇಕಾಯಿತೋ.

ಭಾನುವಾರ ಊಟವಾದ ಮೇಲೆ ಹೇಳಿದೆ. ಬುಟ್ಟಿ, ಬೆಕ್ಕು, ಟೋಪಿ ಎಲ್ಲವನ್ನೂ ವಿವರಿಸಿದೆ. ಚಿಕ್ಕಮ್ಮ ಮತ್ತೆ ಮಗ್ಗ ನಿಲ್ಲಿಸಿ ನಕ್ಕಳು. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ನಮ್ ಬೆಕ್ಕು ಇಲ್ಲಿ ನಿದ್ದೆ ಹೊಡೀತೈತೆ, ಅಲ್ಲಿ ಚಳ್ಳಕೆರೆ ಇಲಿಗೆ ಬೀಪಿ!" ನಾನೂ ನಕ್ಕೆ. ಅಮ್ಮ ನಗಲಿಲ್ಲ.

"ನಮ್ಮನೆ ವಾಸ್ನೆ ಆಗಲ್ಲ ಅಂದ್ರಾ ಅಲ್ಲಿ?" ಎಂದು ಕೇಳಿದಳು.

"ಮನೆ ವಾಸನೆ ಅಲ್ಲಮ್ಮ, ಬೆಕ್ಕಿಂದು."

"ಬೆಕ್ಕು ಮನೇದೇ ಅಲ್ಲೇನೇ."

ನನಗೆ ರೇಗಿತು. ಅರ್ಥವಾಗುವ ಹಾಗೆ ಹೇಳಲು ಬಾರದಾಗ ನನಗೆ ರೇಗುತ್ತದೆ, ಅದು ಅಪ್ಪನಿಂದ ಬಂದದ್ದು. "ಸುಮ್ನೆ ದಾರ ಕಟ್ಟಬೇಡ ಅಂದೆ ಅಷ್ಟೇ! ಕೈ ತೊಳ್ಕೊಂಡು ಬಾಚು. ಇಲ್ಲಾಂದ್ರೆ ನನ್ನ ಕೆಲಸ ಹೋಗ್ತದೆ!" ಎಂದು ಜೋರಾಗಿಯೇ ಹೇಳಿದೆ. ಮಗ್ಗದ ಸದ್ದು ನಿಂತಿತ್ತು. ಹಾಗಾಗಿ ನನ್ನ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಅಮ್ಮ ಸರಿ ಎಂದು ತಲೆಯಾಡಿಸಿ, ಬುಟ್ಟಿಯನ್ನು ಹಿತ್ತಲಿಗೆ ಒಯ್ದು ಬಿಸಿಲಿಗೆ ಸುರಿದಳು.

ಸೋಮವಾರ ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಹೋಗಿ ಕೂತೆ. ಹೊಸ್ತಿಲು ಖಾಲಿ ಇತ್ತು. ಅಮ್ಮ ಆಗಲೇ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಳು. ಅಷ್ಟು ಬೇಗ ಅವಳು ಯಾವತ್ತೂ ಮಗ್ಗಕ್ಕೆ ಕೂತವಳಲ್ಲ. ನನ್ನ ಪಕ್ಕದಲ್ಲಿ ತೊಳೆದ ಹೊಸ ಬಾಚಣಿಗೆ, ಎಣ್ಣೆಯ ಬಟ್ಟಲು.

"ನೀನೇ ಬಾಚ್ಕೋ ತಲ್ಲಿ" ಎಂದು ಅಲ್ಲಿಂದಲೇ ಕೂಗಿದಳು. "ಎಷ್ಟು ತೊಳೆದ್ರೂ ನನ್ ಕೈಯಾಗೆ ಅದ್ರ ರೋಮ ಇರ್ತೈತೆ. ನಿನ್ ಕೆಲ್ಸಕ್ಕೆ ಯಾಕೆ ತೊಂದ್ರೆ?"

ಕೋಪದಿಂದ ಹೇಳಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಬರೀ ಎಚ್ಚರಿಕೆ ಇತ್ತು. ನಾನೇ ಬಾಚಿಕೊಂಡೆ. ಬೈತಲೆ ಸೊಟ್ಟಗೆ ಬಂತು. ಹೊರಡುವಾಗ ಅವಳು ರೊಟ್ಟಿ ಕಟ್ಟಿದ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ. ಜಗಲಿಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದರೆ ಕಾಲು ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ ಬ್ಯಾಡ, ಹೋಗಿ ಬಾ." ನಮ್ಮ ಅಜ್ಜಿಯ ಮಡಿಯನ್ನು ಆಡಿಕೊಂಡು ನಗುತ್ತಿದ್ದವಳು ಈ ನನ್ನಮ್ಮ. ಅವಳೇ ಈಗ ಚಳ್ಳಕೆರೆಯ ಇಲಿಗಳಿಗಾಗಿ ಮಡಿ ಹಿಡಿದಿದ್ದಳು.

ಅವತ್ತು ಕೋಣೆಯೊಳಗೆ ಮುಚ್ಚಳ ತೆಗೆದಾಗ ಇಲಿಗಳು ಓಡಲಿಲ್ಲ. ಒಂದೊಂದೇ ಕೊಳವೆಗೆ ಹೋಗಿ ಕೂತವು. ಪಟ್ಟಿ ಉಬ್ಬಿತು, ಇಳಿಯಿತು. ಅಂಕಿಗಳು ಗುರುವಾರದ ಹಾಗೇ ಬಂದವು. ನಾನು ಮತ್ತೊಮ್ಮೆ ಅಳೆದೆ. ಅದೇ. ಗೆದ್ದೆ ಎನಿಸಬೇಕಿತ್ತು.

ಮುಂದಿನ ಭಾನುವಾರ ಅಮ್ಮನ ಹತ್ತಿರ ಕೂತು, ಇಷ್ಟೆಲ್ಲ ಬೇಡ, ಕೈ ತೊಳೆದು ಬಾಚಿದರೆ ಸಾಕು ಎಂದು ಹೇಳಬೇಕೆಂದುಕೊಂಡು ಹೋಗಿದ್ದೆ. ಹೇಳಲಿಲ್ಲ. ಕಾರಣ ಮುಚ್ಚಿಡುವುದಿಲ್ಲ. ಅಂಕಿ ಸರಿಯಾಗಿ ಬಂದಿತ್ತು, ಮತ್ತೆ ಕೆಡಬಹುದೆಂದು ಹೆದರಿದೆ. ತಿಂಗಳು ಮುಗಿಯಲಿ, ಅಳತೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಇಲಿಗೂ ತಾಯಿಗೂ ನಡುವೆ ಒಂದನ್ನು ಆರಿಸಿಕೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳದೆಯೇ ಆರಿಸಿಕೊಂಡೆ. ಅಮ್ಮನೂ ಅದಕ್ಕೆ ಒಗ್ಗಿಕೊಂಡಳು. ನಾನು ಮನೆಗೆ ಹೋದರೆ ಚಾಪೆ ಬೇರೆ, ದಿಂಬು ಬೇರೆ, ಪಡಸಾಲೆಯ ಆ ತುದಿಯಲ್ಲಿ. ಹತ್ತಿರ ಹೋಗಿ ಕೂತರೆ ಸೆರಗು ಎಳೆದುಕೊಂಡು ಸರಿಯುತ್ತಿದ್ದಳು. ಬೆಕ್ಕು ಮಾತ್ರ ಯಾರ ಹಂಗೂ ಇಲ್ಲದೆ ಅವಳ ತೊಡೆ ಹತ್ತುತ್ತಿತ್ತು. ಅದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ನಾನೊಬ್ಬಳೇ ಇರಬೇಕು.

ತಿಂಗಳಾಯಿತು, ಇನ್ನೊಂದು ತಿಂಗಳೂ ಆಯಿತು. ಒಂದು ಗುರುವಾರ ಮಧ್ಯಾಹ್ನ ಮೇಡಂ ಮತ್ತೆ ಕಂಪ್ಯೂಟರಿನ ಮುಂದೆ ಕರೆದರು. ಈ ಸಲ ಮುಖದಲ್ಲಿ ನಗು. ಪರದೆಯ ಮೇಲೆ ಇಲಿಗಳೆಲ್ಲದರ ಎದೆಬಡಿತ, ವಾರ ವಾರಕ್ಕೂ, ಒಂದು ಗೆರೆಯಾಗಿತ್ತು. ಲೆಕ್ಕದಿಂದ ಕೈಬಿಟ್ಟ ಸೋಮವಾರಗಳೂ ಅದರಲ್ಲಿದ್ದವು. ಮೊದಲ ವಾರಗಳಲ್ಲಿ ಸೋಮವಾರಕ್ಕೊಮ್ಮೆ ಮೇಲೆ ಹಾರಿ, ಗುರುವಾರಕ್ಕೆ ಕೆಳಗೆ ಬೀಳುತ್ತಿತ್ತು. ಆಮೇಲೆ ನೆಟ್ಟಗೆ, ಎಲ್ಲೂ ಏರದೆ ಸಾಗಿತ್ತು.

"ನೋಡಿ, ಎಷ್ಟು ಚೆನ್ನಾಗಿ ಬಂದಿದೆ. ಇಲ್ಲಿಂದ ಮುಂದೆ ಸೋಮವಾರ ಯಾವುದು, ಗುರುವಾರ ಯಾವುದು ಅಂತ ಹೇಳೋಕೇ ಆಗಲ್ಲ" ಎಂದರು. "ಮುಂದಿನ ಗುಂಪೂ ನಿಮ್ಮದೇ. ಖುಷಿನಾ?"

ಖುಷಿ ಮೇಡಂ ಎಂದೆ. ಅವರು ಎದ್ದು ಹೋದ ಮೇಲೂ ನಾನು ಅಲ್ಲೇ ಕೂತು ನೋಡುತ್ತಿದ್ದೆ. ಮೊದಲ ವಾರಗಳ ಆ ಒಂದೊಂದು ಏರಿನ ಮೇಲೂ ಬೆರಳಿಟ್ಟೆ. ಅವು ಒಂದೊಂದೂ ಅಮ್ಮ ನನ್ನ ತಲೆ ಬಾಚಿದ ಬೆಳಿಗ್ಗೆಗಳು. ಆಮೇಲಿನ ನೆಟ್ಟಗಿನ ಗೆರೆಯಲ್ಲಿ ಬೆರಳಿಡಲು ಏನೂ ಇರಲಿಲ್ಲ. ಆ ವಾರಗಳಲ್ಲಿ ನನ್ನನ್ನು ಯಾರೂ ಮುಟ್ಟಿರಲಿಲ್ಲ.